ಬೇಕಾದಾಗ ಬಿಚ್ಚಿಡುವ ಮಂಚ, ಕೆಳಗೆ ಸಾಮಾನು: ನನ್ನ ಫೋರ್‌ವೀಲ್ ಗಾಡಿಗೆ ಡ್ರಾಯರೋ ಡಬ್ಬಿಯೋ?

ಕಚ್ಚಾರಸ್ತೆ:
ಎಲ್ಲರಿಗೂ ನಮಸ್ಕಾರ. ನನ್ನದು ಐದು ಸೀಟಿನ ಫೋರ್‌ವೀಲ್ ಡ್ರೈವ್ ಗಾಡಿ. ತಿಂಗಳಿಗೆ ಒಂದೆರಡು ಸಲ ಕಾಡುದಾರಿ, ಬೆಟ್ಟದ ದಾರಿ ಹಿಡಿದು ಹೋಗುತ್ತೇನೆ. ಇಷ್ಟು ದಿನ ಡೇರೆ ಹಾಕುತ್ತಿದ್ದೆ. ಕತ್ತಲಾದ ಮೇಲೆ, ಅದೂ ಮಳೆಯಲ್ಲಿ, ಡೇರೆ ಹಾಕುವ ಕೆಲಸ ಸಾಕಾಗಿದೆ. ಗಾಡಿಯೊಳಗೇ ಮಲಗಬೇಕು, ಸಾಮಾನೆಲ್ಲ ಕೆಳಗಿರಬೇಕು ಅಂತ ಆಸೆ.

ಆದರೆ ವಾರವಿಡೀ ಅದೇ ಗಾಡಿಯಲ್ಲಿ ಮನೆಯವರು ಓಡಾಡಬೇಕು. ಹಿಂದಿನ ಸೀಟು ಬೇಕೇ ಬೇಕು. ಶುಕ್ರವಾರ ಸಂಜೆ ಹಾಕಿ, ಭಾನುವಾರ ರಾತ್ರಿ ತೆಗೆಯುವಂತಿರಬೇಕು.

ಅಳತೆ ಕೊಡುತ್ತೇನೆ. ಹಿಂದಿನ ಸೀಟು ಮಡಚಿದರೆ ಡಿಕ್ಕಿ ಬಾಗಿಲಿನಿಂದ ಮುಂದಿನ ಸೀಟಿನ ಬೆನ್ನಿನವರೆಗೆ 172 ಸೆಂ.ಮೀ. ಮುಂದಿನ ಸೀಟು ಪೂರ್ತಿ ಮುಂದಕ್ಕೆ ತಳ್ಳಿದರೆ 190. ಚಕ್ರದ ಉಬ್ಬುಗಳ ನಡುವೆ 104 ಅಗಲ. ನೆಲದಿಂದ ಛಾವಣಿಗೆ 106. ನನ್ನ ಎತ್ತರ 178.

ಯೋಚನೆ ಹೀಗಿದೆ: 18 ಮಿ.ಮೀ. ಪ್ಲೈವುಡ್, 35 ಸೆಂ.ಮೀ. ಎತ್ತರದ ಮಂಚ, ಕೆಳಗೆ ಎರಡು ಉದ್ದ ಡ್ರಾಯರ್, ಮೇಲೆ 10 ಸೆಂ.ಮೀ. ಹಾಸಿಗೆ. ಕಟ್ಟಿದವರು ದಯವಿಟ್ಟು ಹೇಳಿ, ಸರಿಯಾಗಿದೆಯಾ?

ಉಳಿಸುತ್ತಿಗೆ:
ಮರಗೆಲಸ ಮಾಡುವವನಾಗಿ ಹೇಳುತ್ತೇನೆ, ಮೊದಲು ತೂಕ ಲೆಕ್ಕ ಹಾಕಿ. 2440×1220 ಅಳತೆಯ 18 ಮಿ.ಮೀ. ಪ್ಲೈ ಹಾಳೆ ಒಂದಕ್ಕೆ ಸುಮಾರು 32 ಕೆ.ಜಿ. ಗಟ್ಟಿ ಜಾತಿಯ ಮರದ್ದಾದರೆ ಇನ್ನೂ ಜಾಸ್ತಿ. ನಿಮ್ಮ ಯೋಚನೆಗೆ ಎರಡು ಹಾಳೆ ದಾಟುತ್ತದೆ. ಉದ್ದ ಡ್ರಾಯರ್‌ನ ಭಾರಿ ಚಾನೆಲ್‌ಗಳು (ಡ್ರಾಯರ್ ಜಾರುವ ಲೋಹದ ಹಳಿಗಳು) ಬೇರೆ. ಖಾಲಿ ಇದ್ದಾಗಲೇ 80 ಕೆ.ಜಿ. ಆಗುತ್ತದೆ. ಪ್ರತಿ ಶುಕ್ರವಾರ ಅದನ್ನು ಎತ್ತಿ ಒಳಗಿಡುವವರು ಯಾರು?

12 ಮಿ.ಮೀ. ಸಾಕು. ಆದರೆ ಒಂದು ಮಾತು ಗೊತ್ತಿರಲಿ. ಹಲಗೆಯ ಬಿಗಿತ ದಪ್ಪದ ಘನಕ್ಕೆ ತಕ್ಕಂತೆ ಬದಲಾಗುತ್ತದೆ. 18ರಿಂದ 12ಕ್ಕೆ ಇಳಿದರೆ ಬಿಗಿತ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ ಉಳಿಯುತ್ತದೆ. ಅದಕ್ಕೇ ಕೆಳಗೆ 35–40 ಸೆಂ.ಮೀ.ಗೆ ಒಂದರಂತೆ ನಿಂತ ಹಲಗೆ ಕೊಡಬೇಕು. ಆ ನಿಂತ ಹಲಗೆಗಳೇ ಸಾಮಾನಿನ ಗೂಡುಗಳ ಗೋಡೆಯೂ ಆಗುತ್ತವೆ. ಒಂದೇ ಮರ, ಎರಡು ಕೆಲಸ.

ತಗ್ಗುದಿಣ್ಣೆ:
ಎತ್ತರವೂ ತಪ್ಪು. 106ರಲ್ಲಿ 35 ಮಂಚ, 10 ಹಾಸಿಗೆ ಹೋದರೆ ಉಳಿಯುವುದು 61. ನಿಮ್ಮ ಎತ್ತರದವರು ನೆಟ್ಟಗೆ ಕೂತರೆ ಕುಂಡೆಯಿಂದ ನೆತ್ತಿಗೆ 90ರ ಹತ್ತಿರ ಬೇಕು. 61ರಲ್ಲಿ ಮಗ್ಗುಲು ಬದಲಿಸುವಾಗ ಭುಜ ಛಾವಣಿಗೆ ಹತ್ತಿರ ಬರುತ್ತದೆ. ಪ್ಯಾಂಟ್ ಹಾಕಿಕೊಳ್ಳಲೂ ಹೊರಗೆ ಇಳಿಯಬೇಕು. ಹೊರಗೆ ಮಳೆ ಇದೆ ಅಂತ ತಾನೇ ಒಳಗೆ ಮಲಗಿದ್ದು?

ಕಚ್ಚಾರಸ್ತೆ:
ಇದನ್ನು ಯೋಚಿಸಿಯೇ ಇರಲಿಲ್ಲ. ಮಡಚಿದ ಸೀಟಿನ ಬೆನ್ನು ಡಿಕ್ಕಿ ನೆಲಕ್ಕಿಂತ 16 ಸೆಂ.ಮೀ. ಮೇಲಿದೆ. ಹಾಗಾಗಿ ಮಂಚ 18ಕ್ಕಿಂತ ಕೆಳಗೆ ಇಳಿಯಲ್ಲ. 22–23 ಇಟ್ಟರೆ ಹೇಗೆ?

ಗೂಡುಪೆಟ್ಟಿಗೆ:
ಎಲ್ಲರೂ ಸೇರಿ ಮಂಚ ಇಳಿಸಿಬಿಟ್ಟರೆ ಸಾಮಾನು ಎಲ್ಲಿಡಬೇಕು? ನನ್ನ ಗಾಡಿಯಲ್ಲಿ ಮೂರು ವರ್ಷದಿಂದ ಡ್ರಾಯರ್ ಇದೆ. ಒಂದರಲ್ಲಿ ಒಲೆ, ಪಾತ್ರೆ. ಇನ್ನೊಂದರಲ್ಲಿ ಹಗ್ಗ, ಕೊಂಡಿ, ಟೈರಿಗೆ ಗಾಳಿ ತುಂಬುವ ಕಂಪ್ರೆಸರ್. ಕೆಸರಲ್ಲಿ ಸಿಕ್ಕಿಕೊಂಡಾಗ ಹಾಸಿಗೆ ಮುಟ್ಟದೆ, ಬಾಗಿಲು ತೆಗೆದು ಎಳೆದರೆ ಎಲ್ಲ ಕೈಗೆ ಸಿಗುತ್ತದೆ. ಡಬ್ಬಿಯಾದರೆ ಹಿಂದಿನದು ಬೇಕಾದಾಗ ಮುಂದಿನ ಮೂರನ್ನೂ ಹೊರಗಿಡಬೇಕು. ಡ್ರಾಯರ್ ಇಲ್ಲದ ಮಂಚಕ್ಕೆ ನನ್ನ ಮತ ಇಲ್ಲ.

ನಟ್ಟುಬೋಲ್ಟು:
ಗೂಡುಪೆಟ್ಟಿಗೆಯವರೇ, ನಿಮ್ಮದು ಬಿಚ್ಚುವ ಮಂಚವಾ, ಖಾಯಂ ಇರುವುದಾ?

ಗೂಡುಪೆಟ್ಟಿಗೆ:
ಖಾಯಂ. ಹಿಂದಿನ ಸೀಟು ತೆಗೆದಿದ್ದೇನೆ. ಅದಕ್ಕೆ ಬೇಕಾದ ಅನುಮತಿ, ದಾಖಲೆ ಎಲ್ಲ ಮಾಡಿಸಿದ್ದೇನೆ.

ನಟ್ಟುಬೋಲ್ಟು:
ಅಲ್ಲೇ ವ್ಯತ್ಯಾಸ ಇರುವುದು. ಕೇಳಿದವರಿಗೆ ವಾರಕ್ಕೊಮ್ಮೆ ಬಿಚ್ಚಬೇಕು. ಖಾಯಂ ಇರುವವರ ಸಲಹೆ ಅವರಿಗೆ ಹೊಂದುವುದಿಲ್ಲ.

ಉಳಿಸುತ್ತಿಗೆ:
ಡ್ರಾಯರ್ ಎಷ್ಟು ಜಾಗ ತಿನ್ನುತ್ತದೆ ಅಂತ ಲೆಕ್ಕ ಹಾಕೋಣ. ಭಾರಿ ಚಾನೆಲ್‌ಗೆ ಪ್ರತಿ ಬದಿಗೆ 19 ಮಿ.ಮೀ. ಸಂದು ಬೇಕು. ಡ್ರಾಯರ್‌ನ ಪಕ್ಕದ ಹಲಗೆ 12 ಮಿ.ಮೀ. ಎರಡು ಡ್ರಾಯರ್‌ಗೆ ನಾಲ್ಕು ಬದಿ, ಅಂದರೆ 124 ಮಿ.ಮೀ. ಹೊರಗಿನ ಗೂಡಿನ ಎರಡು ಗೋಡೆ, ನಡುವಿನ ಒಂದು ಸೇರಿ 36. ಒಟ್ಟು 16 ಸೆಂ.ಮೀ. ಅಗಲ ಬರೀ ಗೋಡೆಗೆ, ಸಂದಿಗೆ ಹೋಯಿತು. 104ರಲ್ಲಿ 88 ಉಳಿಯಿತು. ಎತ್ತರದಲ್ಲೂ ಡ್ರಾಯರ್‌ನ ತಳ, ಮೇಲಿನ ಸಂದು ಅಂತ 2–3 ಸೆಂ.ಮೀ. ಹೋಗುತ್ತದೆ. 22 ಎತ್ತರದ ಮಂಚದಲ್ಲಿ ಅದು ಸಣ್ಣ ನಷ್ಟ ಅಲ್ಲ.

ಮಳೆಗಾಡಿ:
ಧೂಳಿನ ವಿಷಯ ಯಾರೂ ಎತ್ತಲಿಲ್ಲ. ಚಾನೆಲ್‌ನ ಗುಂಡುಗಳ ಗ್ರೀಸಿಗೆ ಮಣ್ಣು ಅಂಟಿದರೆ ಮೊದಲು ಕರಕರ ಸದ್ದು, ಆಮೇಲೆ ಜಾಮ್. ನನ್ನ ಡ್ರಾಯರ್ ಒಂದು ರಾತ್ರಿ ಅರ್ಧಕ್ಕೆ ನಿಂತು ಹೊರಗೂ ಬರಲಿಲ್ಲ, ಒಳಗೂ ಹೋಗಲಿಲ್ಲ. ಡಿಕ್ಕಿ ಬಾಗಿಲು ಮುಚ್ಚಲಾಗದೆ ಹಾಗೇ ಬೆಳಗು ಮಾಡಿದೆ. ಆಮೇಲೆ ಚಾನೆಲ್ ಕಿತ್ತು, ತರಕಾರಿ ಹೆಚ್ಚುವ ಬಿಳಿ ಪ್ಲಾಸ್ಟಿಕ್ ಹಲಗೆ ಇರುತ್ತದಲ್ವಾ, ಅದನ್ನೇ ಪಟ್ಟಿ ಕತ್ತರಿಸಿ ತಳಕ್ಕೆ ಹೊಡೆದೆ. ಡ್ರಾಯರ್ ಅದರ ಮೇಲೆ ಜಾರುತ್ತದೆ. ಪೂರ್ತಿ ಹೊರಗೆ ಎಳೆದರೆ ಕೆಳಗೆ ಬೀಳುತ್ತದೆ, ಅಷ್ಟೇ ತೊಂದರೆ. ಅದಕ್ಕೊಂದು ತಡೆಕಟ್ಟಿ ಹಾಕಿದ್ದೇನೆ.

ಗೂಡುಪೆಟ್ಟಿಗೆ:
ನನ್ನ ಚಾನೆಲ್ ಒಮ್ಮೆಯೂ ಜಾಮ್ ಆಗಿಲ್ಲ. ಗ್ರೀಸ್ ಒರೆಸಿ ಒಣ ಲೂಬ್ರಿಕಂಟ್ ಹಾಕಬೇಕು. ಡಿಕ್ಕಿ ಬಾಗಿಲಿನ ರಬ್ಬರ್ ಸರಿ ಇದ್ದರೆ ಧೂಳು ಒಳಗೇ ಬರಲ್ಲ.

ಮಳೆಗಾಡಿ:
ಬಾಗಿಲು ತೆಗೆದಾಗ ಬರುತ್ತದಲ್ಲ ಸರ್. ತೆಗೆಯದೆ ಡ್ರಾಯರ್ ಎಳೆಯೋದು ಹೇಗೆ?

ಹಳೇಗಾಡಿ:
ಸ್ಟೆಪ್ನಿ ಎಲ್ಲಿದೆ, ಜಾಕ್ ಎಲ್ಲಿದೆ, ಮೊದಲು ಅದು ಹೇಳಿ.

ಕಚ್ಚಾರಸ್ತೆ:
ಸ್ಟೆಪ್ನಿ ಗಾಡಿ ತಳದಲ್ಲಿ ತೂಗಾಡುತ್ತದೆ. ಅದನ್ನು ಇಳಿಸುವ ಸರಳು, ಜಾಕ್, ಪಾನಾ ಎಲ್ಲ ಡಿಕ್ಕಿ ನೆಲದ ಅಡಿಯ ಗೂಡಿನಲ್ಲಿ.

ಹಳೇಗಾಡಿ:
ಹಾಗಾದರೆ ಅವೆಲ್ಲ ಅಲ್ಲಿಂದ ಮೇಲೆ ಬರಬೇಕು. ನಾನು ಮಂಚ ಹಾಕಿದ ಮೊದಲ ಸಲವೇ ರಾತ್ರಿ ಪಂಕ್ಚರ್ ಆಯಿತು. ಜಾಕ್ ಮಂಚದ ಅಡಿ, ಮಂಚ ಸಾಮಾನಿನ ಅಡಿ. ಪೂರ್ತಿ ಗಾಡಿ ಖಾಲಿ ಮಾಡಿ ರಸ್ತೆ ಬದಿ ಹರಡಿಕೊಂಡು ಕೂತೆ. ಹೆಂಡತಿ, ಮಗಳು ಟಾರ್ಚ್ ಹಿಡಿದು ನಿಂತಿದ್ದರು. ಈಗ ಜಾಕ್, ಪಾನಾ, ಸರಳು ಒಂದು ಚೀಲದಲ್ಲಿ ಡಿಕ್ಕಿ ಬಾಗಿಲಿನ ಪಕ್ಕದಲ್ಲೇ ಇರುತ್ತವೆ, ಬೆಲ್ಟ್ ಬಿಗಿದು.

ನಟ್ಟುಬೋಲ್ಟು:
ಈಗ ಮುಖ್ಯ ವಿಷಯ. ಮಂಚವನ್ನು ಗಾಡಿಗೆ ಯಾವುದರಿಂದ ಹಿಡಿಸುತ್ತೀರಿ? ಎಲ್ಲರೂ ಮರ, ಹಾಸಿಗೆ, ಡ್ರಾಯರ್ ಬಗ್ಗೆ ಮಾತಾಡುತ್ತಾರೆ. ಇದನ್ನು ಕೊನೆಗೆ ಬಿಡುತ್ತಾರೆ.

ಗಂಟೆಗೆ 50 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 13.9 ಮೀಟರ್. ಏನಕ್ಕಾದರೂ ಗುದ್ದಿ ಅರ್ಧ ಮೀಟರ್ ದೂರದಲ್ಲಿ ನಿಂತಿತು ಅಂದುಕೊಳ್ಳಿ. ಲೆಕ್ಕ ಹಾಕಿದರೆ ಗುರುತ್ವದ ಸುಮಾರು 20 ಪಟ್ಟು ಬರುತ್ತದೆ. ಮಂಚ 50, ಸಾಮಾನು 60, ಒಟ್ಟು 110 ಕೆ.ಜಿ. ಅಂದರೆ ಆ ಕ್ಷಣಕ್ಕೆ 2200 ಕೆ.ಜಿ. ಮುಂದೆ ನುಗ್ಗಿದ ಹಾಗೆ. ಅದರ ಮುಂದೆ ಇರುವುದು ನಿಮ್ಮ ಬೆನ್ನು.

ಸೀಟುಗಳ ಬಗೆಗಿನ ವಿಶ್ವಸಂಸ್ಥೆಯ ನಿಯಮ 17ರಲ್ಲಿ ಹಿಂದಿನ ಸೀಟಿನ ಬೆನ್ನನ್ನು ಪರೀಕ್ಷಿಸಲು ಇಡುವುದು ತಲಾ 18 ಕೆ.ಜಿ.ಯ ಎರಡು ದಿಮ್ಮಿ. ನಾವು ತುಂಬುವುದು ಅದರ ಮೂರು ಪಟ್ಟು. ಜೊತೆಗೆ ಸೀಟಿನ ಬೆನ್ನನ್ನೂ ಮಡಚಿ ಮಲಗಿಸಿರುತ್ತೇವೆ.

ಒಂಟಿಪಯಣ:
ಗುರು, ಇಷ್ಟು ಹೆದರಿಸಬೇಡಿ. ನಾಲ್ಕು ವರ್ಷದಿಂದ ಎರಡು ರಾಚೆಟ್ ಬೆಲ್ಟ್ (ಹಿಡಿ ಆಡಿಸಿ ಬಿಗಿಯುವ ಪಟ್ಟಿ) ಬಿಗಿದು ಓಡಿಸಿದ್ದೇನೆ. ಎಂಥ ಕಲ್ಲುದಾರಿಯಲ್ಲೂ ಮಂಚ ಒಂದಿಂಚು ಅಲುಗಿಲ್ಲ.

ನಟ್ಟುಬೋಲ್ಟು:
ಕಲ್ಲುದಾರಿಯಲ್ಲಿ ಅಲುಗದೇ ಇರುವುದು ಬೇರೆ, ಗುದ್ದಿದಾಗ ತಡೆಯುವುದು ಬೇರೆ. ನಾಲ್ಕು ವರ್ಷ ನಿಮಗೆ ಅಪಘಾತ ಆಗಿಲ್ಲ, ಸಂತೋಷ. ಬೆಲ್ಟ್ ಹಿಡಿದಿರುವ ಕೊಂಡಿ ಯಾವುದು? ಸಾಮಾನು ಕಟ್ಟಲು ಡಿಕ್ಕಿಯಲ್ಲಿ ಕೊಟ್ಟಿರುವ ಕೊಂಡಿಗಳು ಎಷ್ಟು ಭಾರ ತಾಳುತ್ತವೆ ಅಂತ ಗಾಡಿಯ ಕೈಪಿಡಿಯಲ್ಲಿ ಬರೆದಿರುತ್ತಾರೆ. ಒಮ್ಮೆ ತೆಗೆದು ಓದಿ.

ಒಂಟಿಪಯಣ:
ಸರಿ, ಓದುತ್ತೇನೆ. ಆದರೆ ಬೇರೆ ದಾರಿ ಏನು ಅಂತಲೂ ಹೇಳಬೇಕಲ್ವಾ?

ನಟ್ಟುಬೋಲ್ಟು:
ಹೇಳುತ್ತೇನೆ. ಸೀಟು ಹಿಡಿಯುವ ಬೋಲ್ಟಿನ ಜಾಗಗಳು ಅತಿ ಗಟ್ಟಿ. ಸೀಟನ್ನು ಖಾಯಂ ಆಗಿ ತೆಗೆದವರಿಗೆ ಅವು ಸಿಗುತ್ತವೆ. ಮೂರನೇ ಸಾಲಿನ ಸೀಟು ಬರುವ ಗಾಡಿಗಳಲ್ಲಿ, ಆ ಸಾಲು ಇಲ್ಲದಿದ್ದರೂ ನೆಲದಲ್ಲಿ ಮರೆಯ ತೂತುಗಳಿರಬಹುದು. ಕಾರ್ಪೆಟ್ ಎತ್ತಿ ನೋಡಿ. ಉಳಿದವರು ಡಿಕ್ಕಿಯಲ್ಲಿ ಕಾರ್ಖಾನೆಯಿಂದಲೇ ಬಂದ ನಾಲ್ಕೂ ಕೊಂಡಿ ಬಳಸಿ, ಭಾರದ ಸಾಮಾನನ್ನು ಕಡಿಮೆ ಮಾಡಿ, ಉಳಿದ ಭಾರ ಮುಂದಿನ ಸೀಟಿನ ಬೆನ್ನಿಗೆ ತಾಗಿದಂತೆ ನೆಲದ ಮೇಲೇ ಇಡಿ. ದೂರ ಇದ್ದಷ್ಟೂ ಅದು ವೇಗ ಪಡೆದು ಬಂದು ಹೊಡೆಯುತ್ತದೆ.

ನೆಲದ ತಗಡಿಗೆ ಸುಮ್ನೆ ಸ್ಕ್ರೂ ಹೊಡೆಯಬೇಡಿ. ತಗಡು ತೆಳು, ಕಿತ್ತುಬರುತ್ತದೆ. ಕೆಳಗೆ ಇಂಧನ ಟ್ಯಾಂಕ್, ಬ್ರೇಕ್ ಪೈಪು, ವೈರು ಇರುತ್ತವೆ.

ಡೇರೆವಾಸಿ:
ಸೀಟ್ ಬೆಲ್ಟಿನ ಬೋಲ್ಟ್ ಬಿಚ್ಚಿ ಅದರ ಅಡಿಗೆ ಒಂದು ಕಬ್ಬಿಣದ ಪಟ್ಟಿ ಸೇರಿಸಿದರೆ? ಅದು ಬಹಳ ಗಟ್ಟಿ ಅಲ್ವಾ?

ನಟ್ಟುಬೋಲ್ಟು:
ಬೇಡ. ಅದು ಪ್ರಾಣ ಉಳಿಸುವ ಬೋಲ್ಟ್. ಅಡಿಗೆ ಪಟ್ಟಿ ಸೇರಿಸಿದರೆ ಥ್ರೆಡ್ (ಬೋಲ್ಟಿನ ಸುರುಳಿ ಗೆರೆ) ಹಿಡಿಯುವ ಉದ್ದ ಕಡಿಮೆಯಾಗುತ್ತದೆ. ಇನ್ನೊಂದು, ಅನೇಕ ಗಾಡಿಗಳಲ್ಲಿ ಅದರ ಅಳತೆ 7/16 ಇಂಚಿನ ಸಣ್ಣ ಥ್ರೆಡ್. ಮೆಟ್ರಿಕ್ (ಮಿ.ಮೀ. ಅಳತೆಯ) ಬೋಲ್ಟ್ ತುರುಕಿದರೆ ಥ್ರೆಡ್ ಹಾಳು. ಮನೆಯವರು ವಾರವಿಡೀ ಅದೇ ಬೆಲ್ಟ್ ಕಟ್ಟಿಕೊಂಡು ಕೂರುತ್ತಾರೆ, ಮರೆಯಬೇಡಿ.

ಚೌಕಪೈಪು:
ಮರಕ್ಕಿಂತ ಕಬ್ಬಿಣ ಒಳ್ಳೆಯದು ಅಂತ ನನ್ನ ಅಭಿಪ್ರಾಯ. 20×20, 1.5 ಮಿ.ಮೀ. ದಪ್ಪದ ಚೌಕ ಪೈಪು ಮೀಟರಿಗೆ 900 ಗ್ರಾಂ ಕೂಡ ಇಲ್ಲ. 16 ಮೀಟರ್ ಬಳಸಿದರೂ 14 ಕೆ.ಜಿ. ಮೇಲೆ 9 ಮಿ.ಮೀ. ಪ್ಲೈ ಹಾಕಿದರೆ ಆಯಿತು.

ಆದರೆ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ವೆಲ್ಡರ್ ಗಾಡಿಯ ಒಳಗೆ ಅಳತೆ ತೆಗೆದು, ಒಳಗೇ ಜೋಡಿಸಿ ವೆಲ್ಡ್ ಮಾಡಿದರು. ಚೌಕಟ್ಟು ಅಂದವಾಗಿ ಕೂತಿತು. ಹೊರಗೆ ತೆಗೆಯಲು ಹೋದರೆ ಬರಲೇ ಇಲ್ಲ. ಒಳಗೆ ಅಗಲ ಜಾಸ್ತಿ, ಡಿಕ್ಕಿ ಬಾಗಿಲಿನ ಬಾಯಿ ಕಿರಿದು. ಕೊನೆಗೆ ಕತ್ತರಿಸಿಯೇ ತೆಗೆಯಬೇಕಾಯಿತು. ಕಿಡಿ ಬಿದ್ದು ಕಿಟಕಿ ಗಾಜಿನಲ್ಲಿ ಚುಕ್ಕೆ ಚುಕ್ಕೆ ಕಲೆ ಉಳಿದಿದೆ, ಈಗಲೂ ನೋಡಿದರೆ ಹೊಟ್ಟೆ ಉರಿಯುತ್ತದೆ. ಬಾಗಿಲಿನ ಬಾಯಿಯನ್ನು ಅಳೆಯಿರಿ, ಮೂಲೆಯಿಂದ ಮೂಲೆಗೂ ಅಳೆಯಿರಿ. ಗಾಡಿಯೊಳಗೆ ವೆಲ್ಡಿಂಗ್ ಬೇಡವೇ ಬೇಡ.

ಉಳಿಸುತ್ತಿಗೆ:
ಇದು ಚಿನ್ನದಂಥ ಮಾತು. ನಾನು ಇದಕ್ಕೆ ರಟ್ಟು ಬಳಸುತ್ತೇನೆ. ಫ್ರಿಜ್ ಬಂದ ದೊಡ್ಡ ರಟ್ಟಿನ ಪೆಟ್ಟಿಗೆ ತಂದು, ಮಂಚದ ಅಳತೆಗೇ ಕತ್ತರಿಸಿ ಅಂಟಿಸಿ. ಬಾಗಿಲಿನಿಂದ ಒಳಗೆ ಹೋಗುತ್ತದಾ, ಹೊರಗೆ ಬರುತ್ತದಾ, ಚಕ್ರದ ಉಬ್ಬಿಗೆ ತಾಗುತ್ತದಾ, ಎಲ್ಲ ಅದರಲ್ಲೇ ಗೊತ್ತಾಗುತ್ತದೆ. ರಟ್ಟಿನಲ್ಲಿ ತಪ್ಪಾದರೆ ನಷ್ಟವಿಲ್ಲ.

ಮಳೆಗಾಡಿ:
ಕಬ್ಬಿಣ, ಮರ ತಾಗುವ ಕಡೆಯೆಲ್ಲ ತೆಳು ರಬ್ಬರ್ ಅಥವಾ ಫೆಲ್ಟ್ ಪಟ್ಟಿ ಅಂಟಿಸಿ. ಇಲ್ಲದಿದ್ದರೆ ದಾರಿಯುದ್ದಕ್ಕೂ ಕಿರ್ ಕಿರ್. ಆ ಸದ್ದಿಗೆ ನನ್ನ ಅಕ್ಕ ಹಿಂದೆ ಕೂರಲು ಒಪ್ಪುವುದೇ ಇಲ್ಲ.

ಇನ್ನೊಂದು ದೊಡ್ಡ ವಿಷಯ, ತೇವ. ಮುಚ್ಚಿದ ಗಾಡಿಯಲ್ಲಿ ಇಬ್ಬರು ರಾತ್ರಿ ಮಲಗಿದರೆ ಉಸಿರಿನಿಂದಲೇ ಗಾಜೆಲ್ಲ ಒದ್ದೆ. ಆ ತೇವ ಹಾಸಿಗೆಯ ಅಡಿಗೂ ಇಳಿಯುತ್ತದೆ. ಮೇಲೆ ಮೈ ಬಿಸಿ, ಕೆಳಗೆ ತಣ್ಣನೆ ಹಲಗೆ, ನಡುವೆ ನೀರು ಕಟ್ಟುತ್ತದೆ. ನಾನು ಎರಡು ವಾರ ಹಾಸಿಗೆ ಎತ್ತಲಿಲ್ಲ. ಎತ್ತಿದಾಗ ಕಪ್ಪು ಬೂಷ್ಟು, ಮೂಗು ಹಿಡಿಯುವ ವಾಸನೆ. ಹಾಸಿಗೆ ಎಸೆಯಬೇಕಾಯಿತು.

ಈಗ ಹಲಗೆಗೆ 30 ಮಿ.ಮೀ. ತೂತುಗಳನ್ನು ಸಾಲಾಗಿ ಕೊರೆಸಿದ್ದೇನೆ. ಎದುರು ಬದುರು ಎರಡು ಕಿಟಕಿ ಎರಡು ಬೆರಳಷ್ಟು ತೆರೆದು, ಸೊಳ್ಳೆಪರದೆ ಬಟ್ಟೆ ಕಟ್ಟುತ್ತೇನೆ. ಬೆಳಿಗ್ಗೆ ಎದ್ದ ತಕ್ಷಣ ಹಾಸಿಗೆ ನಿಲ್ಲಿಸಿ ಆರಿಸುತ್ತೇನೆ. ಪ್ಲೈ ಅಂಚುಗಳಿಗೆ ವಾರ್ನಿಷ್ ಬಳಿಯುವುದು ಮರೆಯಬೇಡಿ, ನೀರು ಕುಡಿಯುವುದು ಅಂಚಿನಿಂದಲೇ.

ಹಳೇಗಾಡಿ:
ಕಿಟಕಿ ತೆರೆದಿದ್ದೇವೆ ಅಂತ ಒಳಗೆ ಒಲೆ, ಗ್ಯಾಸ್ ಹೀಟರ್ ಹಚ್ಚಬೇಡಿ. ಎಂಜಿನ್ ಓಡಿಸಿಕೊಂಡು ಮಲಗಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ನಿದ್ದೆಯಲ್ಲಿ ಗೊತ್ತೇ ಆಗಲ್ಲ. ಬ್ಯಾಟರಿಯಲ್ಲಿ ಓಡುವ ಅಲಾರಂ ಸಿಗುತ್ತದೆ, ತಲೆ ಹತ್ತಿರ ಒಂದು ಇಡಿ.

ತಗ್ಗುದಿಣ್ಣೆ:
ಜೊತೆಗೆ, ಡಿಕ್ಕಿ ಬಾಗಿಲು ಒಳಗಿನಿಂದ ತೆಗೆಯಲು ಬರುತ್ತದಾ ನೋಡಿ. ಅನೇಕ ಗಾಡಿಗಳಲ್ಲಿ ಬರಲ್ಲ. ಹಿಂದಿನ ಬಾಗಿಲಿಗೆ ಚೈಲ್ಡ್ ಲಾಕ್ ಬೇರೆ ಇರುತ್ತದೆ. ಮಲಗುವ ಮೊದಲು ಅದನ್ನು ತೆಗೆದಿಡಿ. ಕೀ ಯಾವಾಗಲೂ ಒಂದೇ ಜಾಗದಲ್ಲಿ ಇರಲಿ.

ಡೇರೆವಾಸಿ:
ನನಗೆ ಇನ್ನೊಂದು ಪ್ರಶ್ನೆ, ಸ್ವಲ್ಪ ಬೇರೆ ವಿಷಯ. ಮಂಚದ ಅಡಿ 12 ವೋಲ್ಟ್ ಫ್ರಿಜ್, ಎರಡನೇ ಬ್ಯಾಟರಿ ಇಡಬಹುದಾ?

ವೈರುತಂತಿ:
ಫ್ರಿಜ್‌ಗೆ ಗಾಳಿ ಬೇಕು. ಅದರ ಕಂಪ್ರೆಸರ್ ಬಿಸಿ ಹೊರಗೆ ಹೋಗಬೇಕು. ಸುತ್ತ ಹಲಗೆ ಮುಚ್ಚಿದರೆ ನಿಲ್ಲದೆ ಓಡಿ ಬ್ಯಾಟರಿ ಹೀರುತ್ತದೆ. ಮೇಲಕ್ಕೆ ಮುಚ್ಚಳ ತೆರೆಯುವ ಫ್ರಿಜ್ ಮಂಚದ ಅಡಿ ಹೊಂದಲ್ಲ, ಪಕ್ಕದಲ್ಲಿ ಇಡಿ.

ಬ್ಯಾಟರಿ: ಮಾಮೂಲಿ ಲೆಡ್ ಆಸಿಡ್ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಮಲಗುವ ಜಾಗದಲ್ಲಿ ಅದು ಬೇಡ. ಲಿಥಿಯಂ ಐರನ್ ಫಾಸ್ಫೇಟ್ ಪರವಾಗಿಲ್ಲ. ಸೊನ್ನೆ ಡಿಗ್ರಿಗಿಂತ ಚಳಿ ಇರುವಾಗ ಅದನ್ನು ಚಾರ್ಜ್ ಮಾಡಬೇಡಿ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಬೇಕು, ಫ್ರಿಜ್ ಹತ್ತಿರ ಅಲ್ಲ. ವೈರ್ ಎಲ್ಲಿ ಉಜ್ಜಿದರೂ ಫ್ಯೂಸ್ ಹಾರಬೇಕು ಅನ್ನುವುದೇ ಉದ್ದೇಶ. ಬಿಚ್ಚುವ ಮಂಚವಾದ್ದರಿಂದ ವೈರಿಗೆ ಪ್ಲಗ್ ಕೊಡಿ. ಇಲ್ಲದಿದ್ದರೆ ಆತುರದಲ್ಲಿ ಒಂದು ದಿನ ಎಳೆದು ಕೀಳುತ್ತೀರಿ.

ಒಂಟಿಪಯಣ:
ವಾಪಸ್ ಮಂಚಕ್ಕೆ ಬರೋಣ. ಉದ್ದಕ್ಕೆ ಸೀಳಿ ಎರಡು ಭಾಗ ಮಾಡಿ. ನಿಮ್ಮ ಹಿಂದಿನ ಸೀಟು 60–40 ಆಗಿ ಮಡಚುತ್ತದಾ? ಒಬ್ಬರೇ ಹೋಗುವಾಗ ಅಗಲದ ಭಾಗ ಮಾತ್ರ ಹಾಕಿದರೆ ಸಾಕು. ಇನ್ನೊಂದು ಕಡೆ ಸೀಟು ಹಾಗೇ ಉಳಿಯುತ್ತದೆ. ನಾನು ಮಾಡಿರುವುದು ಹಾಗೇ.

ಮತ್ತೆ, ಕೊಂಡಿಯ ಬಗ್ಗೆ ಕೈಪಿಡಿ ಓದಿದೆ. ನಟ್ಟುಬೋಲ್ಟು ಹೇಳಿದ್ದು ಸರಿ. ನಾನು ಅಂದುಕೊಂಡಿದ್ದಕ್ಕಿಂತ ಬಹಳ ಕಡಿಮೆ ಬರೆದಿದ್ದಾರೆ. ನೀರಿನ ಕ್ಯಾನುಗಳನ್ನು ಇವತ್ತೇ ಮುಂದಿನ ಸೀಟಿನ ಹಿಂದಿನ ತಗ್ಗಿಗೆ ಇಳಿಸಿದೆ.

ನಟ್ಟುಬೋಲ್ಟು:
ಬಹಳ ಖುಷಿಯಾಯಿತು ಅಣ್ಣ.

ಕಚ್ಚಾರಸ್ತೆ:
ಐದು ವಾರದ ನಂತರ ಬರೆಯುತ್ತಿದ್ದೇನೆ. ಕಟ್ಟಿ ಮುಗಿಸಿದೆ, ಎರಡು ಸಲ ಹೋಗಿಯೂ ಬಂದೆ.

ಮೊದಲು ರಟ್ಟಿನಲ್ಲಿ ಮಾಡಿದೆ. ಮೂರು ಸಲ ತಪ್ಪಿತು. ಮೊದಲನೆಯದು ಬಾಗಿಲಿನಿಂದ ಒಳಗೇ ಹೋಗಲಿಲ್ಲ. ಎರಡನೆಯದು ಹಿಂದಿನ ಸೀಟ್ ಬೆಲ್ಟಿನ ಬಕಲ್ ಮೇಲೆ ಕೂತಿತು. ಮೂರನೆಯದು ಜಾಕ್ ಗೂಡಿನ ಮುಚ್ಚಳ ಒತ್ತಿಹಿಡಿಯಿತು.

ಕೊನೆಗೆ ನಿಂತದ್ದು ಹೀಗೆ. 12 ಮಿ.ಮೀ. ಪ್ಲೈ, 23 ಎತ್ತರ, 7 ಸೆಂ.ಮೀ.ನ ಮೂರು ಮಡಿಕೆ ಹಾಸಿಗೆ. ಉದ್ದಕ್ಕೆ ಎರಡು ಭಾಗ. ಅವುಗಳ ತೂಕ 11 ಮತ್ತು 12 ಕೆ.ಜಿ. ತಲೆ ಕಡೆಗೆ ಮಡಚುವ ಹಲಗೆ 8 ಕೆ.ಜಿ., ಪಿಯಾನೋ ಹಿಂಜ್ (ಉದ್ದ ಪಟ್ಟಿಯಂಥ ಕೀಲು) ಅಲ್ಲ, ಎರಡು ಕೊಕ್ಕೆಯಲ್ಲಿ ಸಿಕ್ಕಿಸುವಂಥದ್ದು. ಡ್ರಾಯರ್ ಬಿಟ್ಟೆ. ಒಂದೇ ಅಳತೆಯ ನಾಲ್ಕು ಡಬ್ಬಿ, ಹಿಂದಿನ ಎರಡಕ್ಕೆ ಎಳೆಯಲು ಹಗ್ಗ ಕಟ್ಟಿದ್ದೇನೆ. ಎಳೆದು ತೆಗೆಯುವ ಹಗ್ಗ, ಕೊಂಡಿ, ಕಂಪ್ರೆಸರ್ ಬಾಗಿಲಿನ ಹತ್ತಿರದ ಡಬ್ಬಿಯಲ್ಲಿ. ಗೂಡುಪೆಟ್ಟಿಗೆಯವರು ಹೇಳಿದ್ದು ಅಷ್ಟರಮಟ್ಟಿಗೆ ಪೂರ್ತಿ ನಿಜ, ಅದು ತಕ್ಷಣ ಕೈಗೆ ಸಿಗಬೇಕು. ಡಬ್ಬಿ ಹಿಂದಕ್ಕೆ, ಮುಂದಕ್ಕೆ ಜಾರದಂತೆ ಅಡ್ಡಪಟ್ಟಿ, ಮಂಚಕ್ಕೆ 8 ಮಿ.ಮೀ. ಬೋಲ್ಟಿನಲ್ಲಿ ಹಿಡಿಸಿದ ಉಕ್ಕಿನ ಪಟ್ಟಿಗಳು. ಕಾರ್ಪೆಟ್ ಎತ್ತಿದರೆ ನಟ್ಟುಬೋಲ್ಟು ಹೇಳಿದ ಮರೆಯ ತೂತುಗಳು ಎರಡು ಸಿಕ್ಕವು! ಹಿಂದೆ ಅವು, ಮುಂದೆ ಕಾರ್ಖಾನೆಯ ಕೊಂಡಿಗಳು.

ನೆಟ್ಟಗೆ ಕೂರಲು ಆಗಲ್ಲ. ಬೆನ್ನು ಬಗ್ಗಿಸಿ ಕೂತು ಬಟ್ಟೆ ಬದಲಿಸಬಹುದು, ಪುಸ್ತಕ ಓದಬಹುದು. ಹಾಕಲು ಹನ್ನೆರಡು ನಿಮಿಷ, ತೆಗೆಯಲು ಎಂಟು. ಒಬ್ಬನೇ.

ಉಳಿಸುತ್ತಿಗೆ:
ಹೊಟ್ಟೆ ತುಂಬಿದಷ್ಟು ಸಂತೋಷ. ಬೋಲ್ಟ್ ಎಲ್ಲ ಮತ್ತೆ ಬಿಗಿದಿರಾ? ಮೊದಲ ಕಲ್ಲುದಾರಿ ಆದ ಮೇಲೆ ಮರ ಸ್ವಲ್ಪ ಕೂತಿರುತ್ತದೆ.

ಕಚ್ಚಾರಸ್ತೆ:
ಮೊದಲ ಸಲ ಬಂದ ಮೇಲೆ ನೋಡಿದೆ, ಮೂರು ಸಡಿಲವಾಗಿದ್ದವು. ಅಗಲದ ವಾಶರ್, ಒಳಗೆ ನೈಲಾನ್ ಇರುವ ನಟ್ ಹಾಕಿದೆ. ಎರಡನೇ ಸಲ ಒಂದೂ ಸಡಿಲಾಗಲಿಲ್ಲ.

ಗೂಡುಪೆಟ್ಟಿಗೆ:
ಆ ಹಗ್ಗ ಕಟ್ಟಿದ ಡಬ್ಬಿಯ ಒಳ ಅಳತೆ ಕೊಡಿ. ಮಗನ ಗಾಡಿಗೆ ಅದನ್ನೇ ಮಾಡೋಣ ಅಂತಿದ್ದೇವೆ, ಅವನಿಗೂ ಹಿಂದಿನ ಸೀಟು ಬೇಕಂತೆ.

ಕಚ್ಚಾರಸ್ತೆ:
ಉದ್ದ 50, ಅಗಲ 45, ಎತ್ತರ 19. ಮಂಚದ ಒಳ ಎತ್ತರಕ್ಕಿಂತ ಒಂದು ಬೆರಳು ಕಡಿಮೆ ಇರಲಿ, ಮುಚ್ಚಳ ಉಬ್ಬಿದರೆ ಸಿಕ್ಕಿಕೊಳ್ಳುತ್ತದೆ.